ಅನಂತ ಚತುರ್ದಶಿಯ ತಲೆನೋವು

ಉಗಾರ ಖುರ್ದದ ಮಂಗಲ ಆಯಿಗೆ ಕೂತಲ್ಲಿ ಕೂತು ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಹಾಗೆಯೇ. ತಾಯಿಯಿಲ್ಲದ ಮೊಮ್ಮಗಳು ಸ್ನೇಹಲ ಹುಟ್ಟಿದಾಗಲೇ ತಲೆಯೊಳಗೆ ನೀರು ತುಂಬಿತ್ತು. ಮೂರು ತಿಂಗಳ ಕೂಸಿಗೆ ಮಿರಜದ ಡಾಕ್ಟರು ತಲೆಯಿಂದ ಹೊಟ್ಟೆಯವರೆಗೆ, ಚರ್ಮದ ಕೆಳಗೆ, ಸಣ್ಣ ನಳಿಗೆ ಇಳಿಬಿಟ್ಟು ಆ ನೀರಿಗೆ ದಾರಿ ಮಾಡಿದ್ದರು. ಅಂದಿನಿಂದ ಜಡೆ ಹೆಣೆಯುವಾಗಲೆಲ್ಲ ಆಯಿಯ ಬೆರಳು ಕಿವಿಯ ಹಿಂದಿನ ನಳಿಗೆಯನ್ನು ಒಮ್ಮೆ ಸವರದೆ ಬಿಡುತ್ತಿರಲಿಲ್ಲ.

ಈ ಸಲ ಜೈನರ ಪರ್ಯುಷಣದ ಕೊನೆಯ ದಿನ, ಅನಂತ ಚತುರ್ದಶಿಗೆ, ಹುಡುಗಿ ಹಟ ಹಿಡಿದು ಉಪವಾಸ ಕೂತಳು. ಹನಿ ನೀರೂ ಇಲ್ಲ. ಆಯಿಯೇ ಹೆಮ್ಮೆಯಿಂದ ಒಪ್ಪಿದ್ದಳು. ಮಧ್ಯಾಹ್ನಕ್ಕೆ ಸ್ನೇಹಲ ತಲೆ ಹಿಡಿದುಕೊಂಡು ಮಲಗಿದಳು. ಆಮೇಲೆ ವಾಂತಿ.

"ಮೊದಲನೇ ಉಪಾಸ, ಪಿತ್ತ ಏರೇತಿ" ಎಂದಳು ತಾನೂ ಉಪವಾಸವಿದ್ದ ನೆರೆಮನೆಯ ಸುಂದರಾಬಾಯಿ. "ಸಂಜೀಕ ಬಸದ್ಯಾಗ ಉಪಾಸ ಮಾಡಿದವರ ಸತ್ಕಾರ ಐತಿ. ನೀ ಯಾಕ ಮಂಗಲಕ್ಕಾ, ಕಾಲ ಸುಟ್ಟ ಬೆಕ್ಕಿನಂಗ ತಿರಗಾಡಾಕತ್ತಿ?"

ಆಯಿ ಪಡಸಾಲೆಗೆ ಬಂದಳು, ಮತ್ತೆ ಒಳಗೆ ಹೋದಳು. ಪಿತ್ತವೇ ಇರಬಹುದು. ಅಲ್ಲದಿದ್ದರೆ? ಬೆರಳು ಕಿವಿಯ ಹಿಂದೆ ಹೋಯಿತು. ನಳಿಗೆ ಇತ್ತು, ಒಳಗೆ ನೀರು ಹರಿಯುತ್ತಿದೆಯೋ ಇಲ್ಲವೋ ಬೆರಳಿಗೆ ಹೇಗೆ ತಿಳಿಯಬೇಕು? ಡಾಕ್ಟರು ಎಂದೋ ಹೇಳಿದ್ದು ನೆನಪಾಯಿತು: ನಳಿಗೆ ಕಟ್ಟಿಕೊಂಡರೆ ತಲೆನೋವು, ವಾಂತಿ, ತೂಕಡಿಕೆ, ಕಣ್ಣು ಮೇಲೇಳುವುದಿಲ್ಲ.

ಹುಡುಗಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿದಳು. "ಜಂತಿ ನೋಡವ್ವಾ. ತಲಿ ಎತ್ತಬ್ಯಾಡ, ಬರೇ ಕಣ್ಣ."

ಕಣ್ಣುಗಳು ನಡುವೆಯೇ ನಿಂತವು.

"ಅಭಿನಂದನ! ಗಾಡಿ ತಗೀ!"

ಮಗ ತಡವರಿಸಿದ. "ಆಯಿ, ಈಗ ಹೋದ್ರ ಗುಳಿಗಿ ಕೊಡ್ತಾರ. ವ್ರತಾ ಮುರೀತೈತಿ. ಸತ್ಕಾರ ಮುಗಿಯೂತನಕ..."

"ಮುರದ ಪಾಪ ನನ್ನ ಕೊರಳಿಗೆ ಬೀಳ್ಲಿ. ತಗೀಲೇ!"

ಮಿರಜದಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ನಳಿಗೆ ಕಟ್ಟಿಕೊಂಡಿದೆ, ಈಗಲೇ ಬದಲಿಸಬೇಕು ಎಂದರು. "ಹುಡುಗಿ ಯಾವಾಗ ಉಂಡಾಳ?"

"ನಿನ್ನೆ ಹೊತ್ತ ಮುಣಗೂಕ ಮೊದಲರಿ. ಆಮ್ಯಾಲ ನೀರೂ ಇಲ್ರಿ."

"ಚಲೋ ಆತು. ಹೊಟ್ಟಿ ಖಾಲಿ ಐತಿ, ಅರವಳಿಕಿ ಕೊಡಾಕ ಕಾಯೂದು ಬ್ಯಾಡ. ಒಳಗ ಒಯ್ಯೂಣು."

ಆಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಅತ್ತಿಂದಿತ್ತ ನಡೆದಳು. ತಾನೂ ಬೆಳಗಿನಿಂದ ನೀರು ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ತಲೆಗೆ ಪಟ್ಟಿ ಕಟ್ಟಿಕೊಂಡು ಹುಡುಗಿ ಒರಗಿ ಕೂತಿದ್ದಳು. ಆಯಿ ಹೇಗಿದ್ದೀ ಎಂದೂ ಕೇಳಲಿಲ್ಲ. "ಮ್ಯಾಲ ನೋಡ."

ಕಣ್ಣುಗಳು ಫ್ಯಾನಿನವರೆಗೂ ಏರಿದವು.

"ಆಯಿ, ನನ್ನ ಉಪಾಸ ಪೂರಾ ಆತೇನ? ಸಲಾಯಿನ ಹಚ್ಚ್ಯಾರಲ್ಲ?"

"ಅದು ಬಾಯಾಗ ಹೋಗೇತೇನ? ಆ ಸುಂದರಾಬಾಯಿದಕಿಂತ ಚಲೋ ಆಗೇತಿ ನಿಂದು."

ನರ್ಸು ಎರಡು ಚಮಚ ನೀರು ಕುಡಿಸಿದಳು. ಹುಡುಗಿ ನುಂಗಿದ ಮೇಲೆ ಆಯಿ ತನ್ನ ಲೋಟ ಎತ್ತಿದಳು. ಕೆಳಗಿಡುವ ಮೊದಲೇ ಇನ್ನೊಂದು ಕೈಯ ಬೆರಳು ಪಟ್ಟಿಯ ಅಂಚಿನಲ್ಲಿ ಹೊಸ ನಳಿಗೆಯನ್ನು ಹುಡುಕುತ್ತಿತ್ತು.

"ಮುಟ್ಟಬ್ಯಾಡ್ರಿ ಆಯಿ!" ನರ್ಸು ಗದರಿದಳು.