ಜ್ವರಗಡ್ಡೆಯ ಹಾಡು

ಕೃಷ್ಣರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಉಪಾಧ್ಯಾಯಿನಿಯಾಗಿದ್ದ ಕಾಲದಲ್ಲಿ, ಯಾವ ಪಾಠವನ್ನೇ ಆಗಲಿ ಹಾಡಿನಲ್ಲಿ ಹೇಳಿಕೊಟ್ಟರೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ ಎಂಬ ಜ್ಞಾನೋದಯ ಮೇಲಿನವರಿಗೆ ಆಯಿತು. ಲೆಕ್ಕಕ್ಕೆ ಹಾಡು, ಭೂಗೋಳಕ್ಕೆ ಹಾಡು, ಹಲ್ಲುಜ್ಜುವುದಕ್ಕೂ ಹಾಡು. ಸುತ್ತಿನ ತಾಲ್ಲೂಕುಗಳ ಮೇಷ್ಟ್ರುಗಳನ್ನು ಬೇಸಿಗೆ ರಜದಲ್ಲಿ ಶ್ರೀರಂಗಪಟ್ಟಣಕ್ಕೆ ಕರೆಸಿ ತರಬೇತಿ ಕೊಟ್ಟರು. ಅಷ್ಟು ಗಂಡಸರ ನಡುವೆ ಹೆಂಗಸು ನಾನೊಬ್ಬಳೇ. ಗಂಡ ತೀರಿಹೋದ ಮೇಲೆ ತವರಿನವರ ಅನ್ನಕ್ಕೆ ಕಾಯಬಾರದೆಂದು ಕೆಲಸ ಹಿಡಿದವಳು ನಾನು.

ಕಲಿಸಲು ಮೈಸೂರಿನಿಂದ ಒಬ್ಬ ಸಂಗೀತ ಪಂಡಿತರು ಹಾರ್ಮೋನಿಯಂ ಸಮೇತ ಬಂದಿದ್ದರು. ಆದರೆ ಮೊದಲ ದಿನ ಹಾರ್ಮೋನಿಯಂ ಪೆಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಬರೀ ಭಾಷಣದಿಂದ ಮಕ್ಕಳಿಗೆ ಏನೂ ಬರುವುದಿಲ್ಲ ಎಂಬ ವಿಷಯದ ಮೇಲೆ ಪಂಡಿತರು ಬೆಳಗಿನಿಂದ ಸಂಜೆಯವರೆಗೆ ಭಾಷಣ ಮಾಡಿದರು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ. ನಾಗಮಂಗಲದಿಂದ ಬಂದಿದ್ದ ಮೇಷ್ಟ್ರೊಬ್ಬರು ಗೊರಕೆ ಹೊಡೆದರು. ಆ ದಿನ ಅಲ್ಲಿ ಶ್ರುತಿ ಹಿಡಿದವರು ಅವರೊಬ್ಬರೇ.

ಮಾರನೆಯ ದಿನ ಹಾಡು ಶುರುವಾಯಿತು. ಮೈಸೂರು ಜಿಲ್ಲೆಯ ಎಲ್ಲೆಗಳನ್ನು ಪಂಡಿತರು ಕಲ್ಯಾಣಿ ರಾಗಕ್ಕೆ ಹೊಂದಿಸಿದ್ದರು. ಹಿರೋಡೆಯ ಮೇಷ್ಟ್ರು ಉತ್ತರದ ಎಲ್ಲೆಯಿಂದ ಹೊರಟು, ಪೂರ್ವಕ್ಕೆ ತಿರುಗುವಷ್ಟರಲ್ಲಿ ಉಸಿರು ಸಾಲದೆ ಕೆಮ್ಮುತ್ತ ಕುಳಿತುಬಿಟ್ಟರು. "ಭಾವ ಚೆನ್ನಾಗಿದೆ" ಎಂದರು ಪಂಡಿತರು. ಆಮೇಲೆ ನನ್ನ ಸರದಿ. ನಾನು ಎದ್ದು ಗಂಟಲು ಸರಿಮಾಡಿಕೊಂಡೆನೋ ಇಲ್ಲವೋ, ಶಿಬಿರದ ಉಸ್ತುವಾರಿ ಹೊತ್ತಿದ್ದ ಹಿರಿಯ ಹೆಡ್‌ಮೇಷ್ಟ್ರು ಬಾಣ ತಾಗಿದವರಂತೆ ಎದ್ದು ನಿಂತರು.

"ತಾಯಿ, ನೀವು ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು. ಇಷ್ಟು ಜನ ಗಂಡಸರ ಮುಂದೆ ಹಾಡೋದು ಅಂದರೇನು?"

"ಹಾಡೋದು ಕಲಿಯೋಕೇ ಅಲ್ಲವೇ ಸ್ವಾಮಿ, ನನ್ನನ್ನು ಕರೆಸಿದ್ದು?"

"ಕಲೀರಿ, ಬೇಡ ಅಂದವರ್ಯಾರು? ಬಾಯಿ ಅಲ್ಲಾಡಿಸಿ, ಸಾಕು. ಧ್ವನಿ ಬೇಡ."

ಶಿಬಿರ ಮುಗಿಯುವವರೆಗೂ ನಾನು ಬಾಯಿ ಅಲ್ಲಾಡಿಸಿದೆ. ಕೊನೆಗೆ ನನಗೂ ಯೋಗ್ಯತಾಪತ್ರ ಬಂತು: ಗಾಯನದಲ್ಲಿ ಉತ್ತಮ.

ಊರಿಗೆ ಬಂದು ಪಂಡಿತರ ಆರೋಗ್ಯದ ಹಾಡನ್ನು ಹೇಳಿಕೊಟ್ಟೆ. "ಮಶಕಸಂಕುಲ ಮರ್ದನಂಗೈವ ಬಾಲೆಯರೆ" ಎಂದು ಅದರ ಮೊದಲ ಸಾಲು. ಬೆಲ್ಲದ ಮಂಡಿ ಸಾಹುಕಾರರ ಮಗಳು, ಚುರುಕು ಹುಡುಗಿ, ಕೈಯೆತ್ತಿ, "ಅಮ್ಮೋರೆ, ಮಶಕ ಅಂದ್ರೆ ರಾಕ್ಸಸನಾ?" ಎಂದು ಕೇಳಿತು. ಸೊಳ್ಳೆಗೆ ಸೊಳ್ಳೆ ಎನ್ನದ ಆ ಹಾಡನ್ನು ಅಲ್ಲಿಗೇ ಬಿಟ್ಟೆ. ರಾಗಿ ಬೀಸುವಾಗ ಹೆಂಗಸರು ಹೇಳುವ ಧಾಟಿಯಲ್ಲಿ ನಾನೇ ಒಂದು ಕಟ್ಟಿದೆ:

ನಿಂತ ನೀರು ಸೊಳ್ಳೆಗೆ ತೊಟ್ಟಿಲು
ಸೊಳ್ಳೆ ಕಚ್ಚಿದರೆ ಚಳಿಯ ಜ್ವರ
ಜ್ವರ ಬಲಿತರೆ ಹೊಟ್ಟೆಲಿ ಗಡ್ಡೆ
ಗಂಡಸು ಕೂಡ ಬಸುರಿಯ ಥರ

ಮಕ್ಕಳು ಬಿದ್ದು ಬಿದ್ದು ನಕ್ಕವು. ಸಂಜೆಯೊಳಗೆ ಪೇಟೆಯ ಬೀದಿಗೆಲ್ಲ ಹಾಡು ಗೊತ್ತಾಯಿತು.

ಸ್ವಲ್ಪ ದಿನಕ್ಕೆ ಆ ಸಾಹುಕಾರರ ಮಗಳನ್ನು ನೋಡಲು ನಾಗಮಂಗಲದ ಕಡೆಯಿಂದ ಗಂಡಿನವರು ಬಂದರು. ಹುಡುಗಿ ತಡವರಿಸಿದರೆ ಹೇಳಿಕೊಡಲು ಇರಲಿ ಎಂದು ಅವಳ ತಾಯಿ ನನ್ನನ್ನೂ ಕರೆಸಿದ್ದಳು. ಆದರೆ ಗಂಡ ಸತ್ತವಳ ಮುಖ ಶುಭಕಾರ್ಯದಲ್ಲಿ ಕಾಣಬಾರದಲ್ಲ, ಅಡಿಗೆಮನೆಯ ಬಾಗಿಲ ಹಿಂದೆ ಕೂರಿಸಿದಳು. ಅಲ್ಲಿ ಧ್ವನಿ ಬೇಡ, ಇಲ್ಲಿ ಮುಖ ಬೇಡ. ನನ್ನಲ್ಲಿ ಅವರಿಗೆಲ್ಲ ಬೇಕಾದದ್ದು ಏನೆಂದು ಬಾಗಿಲ ಸಂದಿಯಿಂದ ನೋಡುತ್ತ ಯೋಚಿಸಿದೆ.

ಗಂಡು ಕನ್ನಂಬಾಡಿ ನಾಲೆಯ ಕೆಲಸದಲ್ಲಿ ಮೇಸ್ತ್ರಿ. ಕೈಕಾಲು ಕಡ್ಡಿ, ಕಣ್ಣು ಹಳದಿ, ಕೋಟಿನ ಗುಂಡಿ ಹಾಕಲು ಬಿಡದಂಥ ಹೊಟ್ಟೆ. ನೋಡಿದ ಕೂಡಲೇ ನನಗೆ ನನ್ನ ಹಾಡಿನ ಗಡ್ಡೆ ನೆನಪಾಯಿತು.

ಗಂಡಿನ ತಾಯಿ ಎಲೆಯಡಿಕೆ ಅಗಿಯುತ್ತ, "ಎಣ್ಣು ಇಸ್ಕೂಲಿಗೆ ಓಯ್ತದಂತೆ. ಎಲ್ಲಿ, ಒಂದು ಆಡೇಳವ್ವ" ಎಂದಳು.

ಹುಡುಗಿ ಬಾಯಿ ಬಿಟ್ಟು, ಸ್ಪಷ್ಟವಾಗಿ, ತಾಳ ತಪ್ಪದೆ, ಸೊಳ್ಳೆಯ ಹಾಡು ಶುರುಮಾಡಿತು. ನಾನು ಬಾಗಿಲ ಹಿಂದಿನಿಂದ ಬೇಡ ಬೇಡವೆಂದು ಕೈ ಬೀಸಿದ್ದೂ ಬೀಸಿದ್ದೇ. ಅವಳು ಮೂರನೆಯ ಸಾಲಿಗೆ ಬಂದಾಗ ಗಂಡು ಕೋಟು ಎಳೆದುಕೊಂಡ. ನಾಲ್ಕನೆಯ ಸಾಲಿಗೆ ಅವನ ಜೊತೆಯಲ್ಲಿ ಬಂದಿದ್ದ ಸೋದರಮಾವ ತಡೆಯಲಾರದೆ ಕಿಸಕ್ಕೆಂದ.

"ಏಳ್ಲಾ ಮೇಲೆ!" ಎಂದು ತಾಯಿ ಮಗನ ರಟ್ಟೆ ಹಿಡಿದಳು. "ಮನೇಗೆ ಕರ್ದು ಬಸುರಿ ಅಂತಾವ್ರೆ!"

ಅವರು ಹೋದ ಮೇಲೆ ಸಾಹುಕಾರರು ನೇರ ಅಡಿಗೆಮನೆಗೆ ಬಂದರು. "ಏನಮ್ಮೋರೆ, ನಮ್ಮುಡುಗೀಗೆ ನೀವು ಕಲ್ಸಿರೋದು ಇದೇನಾ? ಒಂದು ದೇವರ ಆಡು ಬರಾಕಿಲ್ವಾ?"

"ದೇವರ ಹಾಡಿಗೆ ತರಬೇತಿ ಕೊಟ್ಟಿಲ್ಲ ಸಾಹುಕಾರ್ರೆ. ಜ್ವರಕ್ಕೇ ಕೊಟ್ಟದ್ದು" ಎಂದೆ. "ಅದಿರಲಿ, ಆ ಹುಡುಗನ ಹೊಟ್ಟೆ ನೋಡಿದಿರಾ? ಅದು ಉಂಡು ಬೆಳೆದ ಹೊಟ್ಟೆಯಲ್ಲ."

ಅವರ ಹೆಂಡತಿ ಒಲೆಯ ಮುಂದಿನಿಂದಲೇ, "ನಂಗೂ ಅಂಗೇ ಅನ್ನುಸ್ತು. ಓದ್ರೆ ಓಗ್ಲಿ ಬುಡಿ" ಎಂದಳು. ಸಾಹುಕಾರರು ಅವಳನ್ನೂ ನನ್ನನ್ನೂ ದುರುದುರು ನೋಡಿ ಮಂಡಿಗೆ ಹೊರಟುಹೋದರು.

ಸುದ್ದಿ ಕಿಕ್ಕೇರಿ ದಾಟಿ ಹರಡಿದ್ದರಿಂದ ಆ ಮನೆಗೆ ಹೆಣ್ಣು ಕೇಳಿಕೊಂಡು ಬರಲು ಬಹಳ ಕಾಲ ಯಾರಿಗೂ ಧೈರ್ಯವಾಗಲಿಲ್ಲ. ಮದುವೆ ಆಗುವವರೆಗೆ ಮನೆಯಲ್ಲಿ ಸುಮ್ಮನೆ ಯಾಕೆ ಕೂರಬೇಕು ಎಂದು ಹುಡುಗಿ ಶಾಲೆಗೆ ಬರುತ್ತಲೇ ಇತ್ತು. ಲೋಯರ್ ಸೆಕೆಂಡರಿ ಪಾಸೂ ಮಾಡಿತು. ಅಷ್ಟರಲ್ಲಿ ಮೇಲಿನವರಿಗೆ ಹಾಡು ಸಾಕಾಗಿ, ಎಲ್ಲ ಪಾಠವನ್ನೂ ತಕಲಿಯಲ್ಲಿ ನೂಲುತ್ತ ಕಲಿಸಬೇಕೆಂದು ಹೊಳೆದಿತ್ತು. ನಮ್ಮನ್ನು ಮತ್ತೆ ಶ್ರೀರಂಗಪಟ್ಟಣಕ್ಕೆ ಕರೆಸಿದರು. ನೂಲಿಗೆ ಧ್ವನಿಯಿಲ್ಲವಾದ್ದರಿಂದ ಈ ಸಲ ಯಾರ ಅಡ್ಡಿಯೂ ಇರಲಿಲ್ಲ.

ಹುಡುಗಿಯನ್ನು ಕೊನೆಗೆ ಮಂಡ್ಯದ ಕಡೆಯ ಒಬ್ಬ ಆಸ್ಪತ್ರೆ ಕಾಂಪೌಂಡರ್ ಕೇಳಿಕೊಂಡು ಬಂದು ಮದುವೆಯಾದ. ಓದಿದ ಹೆಣ್ಣೇ ಬೇಕೆಂದು ಅವನ ಹಟವಂತೆ. ಮದುವೆಯಾದ ಮೇಲೆ ಒಂದು ದಿನ ಮಂಡಿಯ ಮುಂದೆ ಹಾದುಹೋಗುತ್ತಿದ್ದೆ. ಸಾಹುಕಾರರು ಬೆಲ್ಲದ ಅಚ್ಚುಗಳ ಮೇಲೆ ಕೈಯಿಟ್ಟುಕೊಂಡು, ಗಾಡಿಯವನಿಗೆ ಬುದ್ಧಿ ಹೇಳುತ್ತಿದ್ದರು: "ಎಣ್ಮಕ್ಕಳನ್ನ ಓದುಸ್ಬೇಕು ಕಣ್ಲಾ. ಯಾರು ಏನಾರ ಅನ್ಲಿ, ನಾನು ಬುಟ್ನಾ?"