ಅವಳು ಯಾಕೆ ವಾಪಸ್ ಬಂದಳು

ಆ ಕಾದಂಬರಿ ಕೊಟ್ಟವರು ನಾನು ಪಾಠ ಮಾಡುವ ಶಾಲೆಯ ವಿಜ್ಞಾನದ ಟೀಚರ್. "ಕ್ಲಿನಿಕ್ಕಲ್ಲಿ ಕಾಯೋವಾಗ ಓದಿ, ಸುಮ್ನೆ ಗೋಡೆ ನೋಡ್ತಾ ಕೂತ್ಕೋಬೇಡಿ" ಅಂದಿದ್ದರು. ಮಗುವಾಗಲೆಂದು ನಾನಾಗ ರಾಜಾಜಿನಗರದ ಕ್ಲಿನಿಕ್ಕೊಂದಕ್ಕೆ ಓಡಾಡುತ್ತಿದ್ದೆ. ವರ್ಷಗಳೇ ಆಗಿದ್ದವು. ಹೊಟ್ಟೆಯ ಮೇಲೆ ಇಂಜೆಕ್ಷನ್ನಿನ ಹಳೆಯ ಕಲೆ ಮಾಯುವ ಮೊದಲೇ ಹೊಸದು ಮೂಡುತ್ತಿತ್ತು.

ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಪುಸ್ತಕ ತೆರೆದೆ. ಅದರಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಮುಚ್ಚಿಹೋದ ಹಿಟ್ಟಿನ ಗಿರಣಿಯ ಬಾಗಿಲು ತಳ್ಳುತ್ತಾಳೆ. ಒಳಗೆ ಗಿರಣಿ ಇಲ್ಲ, ಬೇರೆಯೇ ಒಂದು ಲೋಕ. ಅಲ್ಲಿ ನದಿ ಬೆಟ್ಟ ಹತ್ತುತ್ತದೆ. ಹಸಿವಾದ ಮಕ್ಕಳು ಎದುರಿಗೆ ಸಿಕ್ಕ ಮನೆಗೆ ನುಗ್ಗಿ ಉಣ್ಣುತ್ತವೆ. ಇವು ಯಾರ ಮಕ್ಕಳು ಅಂತ ಯಾರೂ ಕೇಳುವುದಿಲ್ಲ. ಅಷ್ಟು ಓದುವಷ್ಟರಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದು ರೈಲು ಬದಲಿಸುವುದನ್ನೇ ಮರೆತಿದ್ದೆ.

ಆಮೇಲೆ ಅದೊಂದು ಹುಚ್ಚಾಯಿತು. ಸ್ಟಾಫ್ ರೂಮಿನಲ್ಲಿ, ಒಲೆಯ ಮುಂದೆ, ಸ್ಕ್ಯಾನಿಂಗ್‌ಗೆ ಕರೆಯುವವರೆಗೂ ಅದೇ. ಬೇಗ ಮುಗಿಯಬಾರದು ಅಂತ ಓದಿದ್ದನ್ನೇ ಮತ್ತೆ ಓದುತ್ತಿದ್ದೆ. ಒಂದು ಮಧ್ಯಾಹ್ನ ಕ್ಲಿನಿಕ್ಕಿನಿಂದ ಬರುವಾಗ ಇಂಡಸ್ಟ್ರಿಯಲ್ ಏರಿಯಾದ ಹಳೇ ಶೆಡ್ಡಿನ ಬಾಗಿಲನ್ನು ನಿಜವಾಗಿಯೂ ತಳ್ಳಿದೆ.

"ಯಾರ್ ಬೇಕಿತ್ತು ಮೇಡಂ?" ಅಂದ ವಾಚ್‌ಮನ್.

ಅಂಗೈಗೆ ಹತ್ತಿದ ತುಕ್ಕನ್ನು ಸೆರಗಿಗೆ ಒರೆಸಿಕೊಂಡು ನಡೆದೆ.

ಆ ಸಲವೂ ಆಗಲಿಲ್ಲ. "ಮುಂದಿನ ತಿಂಗಳು ಮತ್ತೆ ಟ್ರೈ ಮಾಡೋಣ" ಅಂತ ಫೋನಿನಲ್ಲಿ ನರ್ಸ್ ಅಂದರು. ಹೂಂ ಅಂದೆ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಕೊನೆಯ ಅಧ್ಯಾಯ ತೆರೆದು ಕೂತೆ. ಅದರಲ್ಲಿ ಆ ಹೆಂಗಸು ಗಿರಣಿಯಿಂದ ಹೊರಬಂದು, ದಾರಿಯಲ್ಲಿ ಸೊಪ್ಪು ಕೊಂಡು, ಮನೆಗೆ ಹೋಗಿಬಿಡುತ್ತಾಳೆ.

ಪುಸ್ತಕವನ್ನು ಗೋಡೆಗೆ ಬೀಸಿ ಒಗೆದೆ. ಸದ್ದಿಗೆ ನನ್ನ ಗಂಡ ಓಡಿಬಂದರು.

"ಏನಾಯ್ತೇ?"

"ಯಾಕ್ ವಾಪಸ್ ಬಂದ್ಲು ಅವಳು? ನಾನಾಗಿದ್ರೆ ಬರ್ತಾನೇ ಇರ್ಲಿಲ್ಲ."

"ಯಾರು? ಎಲ್ಲಿಂದ?"

ಆಗ ಅಳು ಬಂತು, ಹಿಡಿಯಲಾಗದಂಥ ಅಳು. ನೆಲದ ಮೇಲೆ ಕೂತು, ಬಿಕ್ಕುತ್ತಲೇ ಕಥೆಯನ್ನೆಲ್ಲ ಹೇಳಿದೆ. ಅವರೂ ಪಕ್ಕದಲ್ಲಿ ಕೂತು ಕೇಳಿದರು. ಕಥೆ ಮುಗಿದ ಮೇಲೂ ನನ್ನ ಮಾತು ನಿಲ್ಲಲಿಲ್ಲ. "ನಂಗಿನ್ನು ಇಂಜೆಕ್ಷನ್ ಬೇಡ ರೀ. ಆಗಲ್ಲ ನನ್ ಕೈಲಿ."

ಅವರು ಗೋಡೆಯ ಬುಡದಲ್ಲಿ ಬಿದ್ದಿದ್ದ ಪುಸ್ತಕವನ್ನು ಎತ್ತಿಕೊಂಡರು. "ನಂಗೂ ಸಾಕಾಗಿತ್ತು ಕಣೇ. ನಾನೇ ಬಾಯಿಬಿಟ್ರೆ ನೀನು ಕುಸಿದುಹೋಗ್ತೀಯ ಅಂತ ಭಯ."

ಇಬ್ಬರಿಗೂ ಸಾಕಾಗಿ ಎಷ್ಟು ಕಾಲವಾಗಿತ್ತೋ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಅಷ್ಟೆ.

ಇನ್ನು ಬರುವುದಿಲ್ಲ ಅಂತ ಮರುದಿನ ಕ್ಲಿನಿಕ್ಕಿಗೆ ಅವರೇ ಫೋನ್ ಮಾಡಿದರು. ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಪಕ್ಕದ ಮನೆಯಲ್ಲಿ ಕೂಸಿಗೆ ನೀರು ಹಾಕುವ ಹೊತ್ತಿಗೆ ಕಿಟಕಿ ಮುಚ್ಚಿಬಿಡುತ್ತಿದ್ದೆ. ಉಳಿದಿದ್ದ ಔಷಧಿ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಬಹಳ ದಿನ ಹಾಗೇ ಇತ್ತು, ತೆಗೆದು ಎಸೆಯಲು ನನ್ನಿಂದಾಗಲಿಲ್ಲ. ಒಂದು ಭಾನುವಾರ ಅವರು ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ಬೇಡವೆನ್ನಲಿಲ್ಲ.