ವಾಲ್ಟರ್ ಮನೆಯವರಿಗೆ ಇಟ್ಟ ಎಡೆ

ಕಾರ್ನ್‌ಬ್ರೆಡ್ ಬೇಯುವ ವಾಸನೆ ಬಂದರೆ ನನಗೆ ಈಗಲೂ ನಮ್ಮತ್ತೆಯ ನೆನಪಾಗುತ್ತದೆ. ಮೈಸೂರಿನ ಅತ್ತೆಗೂ ಮೆಕ್ಕೆಜೋಳದ ಬ್ರೆಡ್ಡಿಗೂ ಏನು ಸಂಬಂಧ ಅನ್ನುತ್ತೀರಾ? ಸ್ವಲ್ಪ ತಾಳಿ.

ತೊಂಬತ್ತರ ದಶಕದಲ್ಲಿ ಅಟ್ಲಾಂಟಾದ ನಮ್ಮ ಮನೆಗೆ ಬಂದಿಳಿದ ಅತ್ತೆ, ಮೊದಲ ವಾರವೇ ಹಿತ್ತಲಲ್ಲಿ ತುಳಸಿಕಟ್ಟೆ ಬೇಕೆಂದರು. ಎಲ್ಲಿಂದಲೋ ಹಳೆಯ ಇಟ್ಟಿಗೆ ತಂದು ನನ್ನ ಗಂಡ ಕಟ್ಟಿದ್ದು ಕಟ್ಟೆಯೋ ಬಾರ್ಬೆಕ್ಯೂ ಒಲೆಯೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ. ಅತ್ತೆ ಮಾತ್ರ ಅದಕ್ಕೆ ದಿನಾ ಸುತ್ತು ಬರುತ್ತಿದ್ದರು.

ಪಕ್ಕದ ಮನೆಯ ವಾಲ್ಟರ್, ಕಪ್ಪು ಜನಾಂಗದ ಹಿರಿಯರು, ಬೇಲಿ ದಾಟಿ ಬಂದು ಆ ಇಟ್ಟಿಗೆಯ ಮೇಲೆ ಕೈಯಾಡಿಸಿದರು. ಅದರ ಮೇಲಿನ ಕಾರ್ಖಾನೆಯ ಮುದ್ರೆ ಅವರಿಗೆ ಗೊತ್ತಿತ್ತು. ಗುಲಾಮಗಿರಿ ಮುಗಿದ ಮೇಲೂ ಕರಿಯರನ್ನು ಸಣ್ಣಪುಟ್ಟ ನೆಪಕ್ಕೆ ಜೈಲಿಗೆ ತಳ್ಳಿ ಇಟ್ಟಿಗೆ ಗೂಡುಗಳಿಗೆ ಬಾಡಿಗೆಗೆ ಕೊಡುತ್ತಿದ್ದರಂತೆ. ಆ ಕೈದಿಗಳು ಸುಟ್ಟ ಇಟ್ಟಿಗೆಯಿಂದ ಈ ಊರು ಎದ್ದಿತು. ಸತ್ತವರನ್ನು ಗೂಡಿನ ಹಿಂದೆಯೇ ಹೂತರು, ಗುರುತಿಗೊಂದು ಕಲ್ಲೂ ಇಲ್ಲ. ವಾಲ್ಟರ್ ಅವರ ತಾತನ ಅಣ್ಣನೂ ಹಾಗೆ ಹೋದವನು ತಿರುಗಿ ಬರಲಿಲ್ಲ. ವರ್ಷಕ್ಕೊಮ್ಮೆ ಚರ್ಚಿನವರು ಅಲ್ಲಿ ನಿಂತು ಹಾಡುತ್ತಾರಂತೆ.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅತ್ತೆ ಕೇಳಿದ್ದು ಒಂದೇ: "ಹಾಡಿದ್ರೆ ಆಯ್ತಾ? ಊಟಕ್ಕೇನಿಡ್ತಾರೆ? ಮಹಾಲಯ ಅಮಾವಾಸ್ಯೆ ಬಂತಲ್ಲ, ನಾವೇ ಎಡೆ ಇಡೋಣ."

"ಅತ್ತೆ, ಅವರ ಹೆಸರೂ ಗೊತ್ತಿಲ್ಲ ನಮಗೆ."

"ಅವರು ಸುಟ್ಟ ಇಟ್ಟಿಗೆ ಮೇಲೆ ನನ್ನ ತುಳಸಿ ಕೂತಿದಾಳೆ ಕಣೇ. ಇನ್ನೇನು ಪರಿಚಯ ಬೇಕು?"

ನಮ್ಮಲ್ಲಿ ಸತ್ತವರು ಬದುಕಿದ್ದಾಗ ತಿನ್ನುತ್ತಿದ್ದುದನ್ನು ಎಡೆಗಿಡುವ ರೂಢಿ. ಮಾವನ ಎಲೆಗೆ ಚಿಟಿಕೆ ನಶ್ಯ ಕೂಡ ಬೀಳುತ್ತದೆ. ಕೈದಿಗಳು ಏನು ತಿನ್ನುತ್ತಿದ್ದರು? ಲೈಬ್ರರಿಯಲ್ಲಿ ಹುಡುಕಿ ಬಂದ ನಾನು ಜಾಣೆಯಂತೆ ಕಾರ್ನ್‌ಬ್ರೆಡ್ ಅಂದೆ. ಅತ್ತೆ ಶುಂಠಿ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿಯೇಬಿಟ್ಟರು.

ಅಮಾವಾಸ್ಯೆಯ ದಿನ ಮನೆಗೆ ಬಂದು ಎಲೆ ನೋಡಿದ ವಾಲ್ಟರ್ ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಮ್ಮಾ, ಅಲ್ಲಿ ಅವರಿಗೆ ದಿನಾ ಅದನ್ನೇ ಹಾಕುತ್ತಿದ್ದರು. ಸತ್ತ ಮೇಲೂ ಅದೇನಾ?"

ನಾನು ತಿಳಿಸಿದ್ದೇ ತಡ, ಅತ್ತೆ ಗಲ್ಲಗಲ್ಲ ಬಡಿದುಕೊಂಡು ಅಡುಗೆಮನೆಗೆ ಓಡಿದರು. ವಾಲ್ಟರ್ ಅವರನ್ನು ಕೂರಿಸಿ ಒಬ್ಬಟ್ಟು ತಟ್ಟಿದರು. ಗೂಡಿನ ಹಿಂದಿನ ಆ ಜಾಗದಲ್ಲಿ ವಾಲ್ಟರ್ ಕೈಯಲ್ಲೇ ಎಲೆ ಇಡಿಸಿದರು. ಕಾಗೆ ಬರಲಿಲ್ಲ. ಅಳಿಲೊಂದು ಬಂದು ಒಬ್ಬಟ್ಟು ಕಚ್ಚಿಕೊಂಡು ಮರ ಹತ್ತಿತು.

"ಈ ಊರಲ್ಲಿ ಇದೇ ಕಾಗೆ ಇರ್ಬೇಕು, ಬಿಡು," ಅಂದರು ಅತ್ತೆ.

ವಾಲ್ಟರ್ ಮರದ ಕಡೆ ನೋಡಿದರು. "ನಮ್ಮ ಮನೆಯಲ್ಲಿ ಯಾರೂ ತಾತನ ಅಣ್ಣನಿಗೊಂದು ತಟ್ಟೆ ಹಾಕಿರಲಿಲ್ಲ," ಅಂದರು. ನನಗೆ ಅಳು ಬಂತು.

ಈಗ ಅತ್ತೆಯೂ ಇಲ್ಲ, ವಾಲ್ಟರೂ ಇಲ್ಲ. ಇವತ್ತು ಮಹಾಲಯ ಅಮಾವಾಸ್ಯೆ. ಮಗಳು ತಾನು ಮಾಡಿದ ಕಾರ್ನ್‌ಬ್ರೆಡ್ ಹಿಡಿದು ಬಂದಳು.

"ಅಮ್ಮಾ, ಇದು ಕೂಡ ಎಲೆ ಮೇಲೆ ಹಾಕ್ಲಾ?"

"ಅಜ್ಜಿಗೆ ಹಾಕು, ವಾಲ್ಟರ್ ತಾತಂಗೂ ಹಾಕು," ಎಂದೆ. "ಆ ಕೊನೇ ಎಲೆ ಗೂಡಿನವರದು, ಅದಕ್ಕೆ ಮಾತ್ರ ಬೇಡ. ಅಲ್ಲಿಗೆ ಒಬ್ಬಟ್ಟು. ತುಪ್ಪ ಜಾಸ್ತಿ ಹಾಕು."